ನಿಂತಿರೋ ಲಾರಿನೂ ಗೋಡೆನೂ ಒಂದೇ

ಸಂಪಾದಕರಿಗೆ ನಮಸ್ಕಾರ,

‘ನಿಂತಿದ್ದ ಲಾರಿಗೆ ಕಾರು ಡಿಕ್ಕಿ’ ಅನ್ನೋ ಸುದ್ದಿ ಪೇಪರಲ್ಲಿ ಬರದೇ ಇರೋ ವಾರ ಇಲ್ಲ. ಮೊನ್ನೆ ಕ್ಲಾಸಲ್ಲಿ ಸಂವೇಗದ (ಮೊಮೆಂಟಮ್, ಅಂದ್ರೆ ದ್ರವ್ಯರಾಶಿಯನ್ನ ವೇಗದಿಂದ ಗುಣಿಸಿದ್ದು) ಪಾಠ ಮಾಡ್ತಿದ್ದಾಗ ಒಬ್ಬ ಹುಡುಗ ಕೇಳಿದ, ಸಾರ್ ಲಾರಿ ಸುಮ್ನೆ ನಿಂತಿತ್ತಲ್ವಾ, ಎದುರಿಂದ ಬಂದು ಗುದ್ದಿಲ್ವಲ್ಲ, ಆದ್ರೂ ಕಾರು ಯಾಕೆ ಹಂಗೆ ಅಪ್ಪಚ್ಚಿ ಆಯ್ತು ಅಂತ.

ಎರಡು ಆಟಿಕೆ ಕಾರು ತರಿಸಿ, ಒಂದರ ಹಿಂದೆ ಚಪಾತಿ ಹಿಟ್ಟಿನ ಉಂಡೆ ಮೆತ್ತಿ, ಇನ್ನೊಂದನ್ನ ಅದಕ್ಕೆ ಗುದ್ದಿಸಿದೆ. ಎರಡೂ ಅಂಟ್ಕೊಂಡು ಸುಮಾರು ಅರ್ಧ ಸ್ಪೀಡಲ್ಲಿ ಮುಂದೆ ಹೋದ್ವು. ಆಮೇಲೆ ನಿಂತಿರೋ ಕಾರಿನ ಮೇಲೆ ತಕ್ಕಡಿ ಬಟ್ಟು ಹೇರಿದೆ, ಈ ಸಲ ಒಂಚೂರು ಜರುಗಿ ನಿಂತ್ಬಿಡ್ತು, ಹಿಟ್ಟು ಮಾತ್ರ ದೋಸೆ ಥರ ಚಪ್ಪಟೆ. ಗುದ್ದಿದ ಗಳಿಗೆಯಲ್ಲಿ ಸಂವೇಗ ಎಲ್ಲೂ ಕಳೆದುಹೋಗಲ್ಲ, ಎರಡೂ ಗಾಡಿಗೆ ಹಂಚಿಹೋಗುತ್ತೆ, ಖರ್ಚಾಗೋದು ಚಲನಶಕ್ತಿ.

ಈಗ ಹೈವೇ ಲೆಕ್ಕ ನೋಡಿ. 1 ಟನ್ ಕಾರು 80 ಕಿ.ಮೀ. ಸ್ಪೀಡಲ್ಲಿ ಬಂದು ಲೋಡ್ ಸೇರಿ 19 ಟನ್ ಇರೋ ಲಾರಿಗೆ ಸಿಕ್ಕಾಕೊಂಡ್ರೆ, ಲಾರಿಗೆ ಬ್ರೇಕ್ ಹಾಕಿಲ್ಲ ಅಂತ್ಲೇ ಇಟ್ಕೊಳ್ಳಿ, ಕಾರಿನ ಸಂವೇಗ ಒಟ್ಟು 20 ಟನ್‌ಗೆ ಹಂಚಿಹೋಗಿ ಎರಡೂ ಸೇರಿ ಹೋಗೋ ಸ್ಪೀಡು ಬರೀ 4 ಕಿ.ಮೀ. ಅಂದ್ರೆ ಕಾರಲ್ಲಿ ಕೂತವರ ಸ್ಪೀಡು ಕಣ್ಮುಚ್ಚಿ ತೆಗೆಯೋದ್ರಲ್ಲಿ 76 ಇಳಿಯುತ್ತೆ. ಅಂಥದ್ದೇ ಇನ್ನೊಂದು ಕಾರು ಎದುರಿಂದ 80ರಲ್ಲಿ ಬಂದು ಗುದ್ದಿ ಎರಡೂ ನಿಂತುಹೋದ್ರೂ ಇಳಿಯೋದು 80ಯೇ! ಗೋಡೆಗೆ ಗುದ್ದಿದ್ರೂ ಅಷ್ಟೇ. ಲಾರಿಗೆ ಗುದ್ದಿದಾಗ 100ಕ್ಕೆ 95 ಭಾಗ ಚಲನಶಕ್ತಿ ತಗಡು ನುಜ್ಜುಗುಜ್ಜಾಗೋದಕ್ಕೇ ಹೋಗುತ್ತೆ. 80 ಕಿ.ಮೀ. ಸ್ಪೀಡು ಅಂದ್ರೆ 25 ಮೀಟರ್ ಮೇಲಿಂದ ಬಿದ್ದಷ್ಟು, ಹತ್ರ ಹತ್ರ ಎಂಟನೇ ಮಹಡಿ. ಈ ಪೆಟ್ಟು ತಿನ್ನೋಕೆ ಅಂತ್ಲೇ ಬಾನೆಟ್ ಮಡಚ್ಕೊಳ್ಳೋ ಹಾಗೆ ಮಾಡಿರ್ತಾರೆ, ಆದ್ರೆ ಲಾರಿ ಬಾಡಿ ಎತ್ತರದಲ್ಲಿರೋದ್ರಿಂದ ಬಾನೆಟ್ ಲಾರಿ ಅಡಿಗೆ ನುಗ್ಗಿ, ಲಾರಿ ಬಾಡಿ ನೇರ ಕಾರಿನ ಗಾಜಿಗೇ ಬಡಿಯುತ್ತೆ. ಲಾರಿ ಹಿಂದೆ ಕಬ್ಬಿಣದ ಅಡ್ಡಪಟ್ಟಿ ಇರಬೇಕು ಅನ್ನೋದು ಅದಕ್ಕೇ.

ನಮ್ಮೂರ ಹತ್ರ ಹೈವೇ ಪಕ್ಕದ ಡಾಬಾ ಮುಂದೆ ರಾತ್ರಿ ಸಾಲಾಗಿ ಲಾರಿ ನಿಂತಿರ್ತವೆ, ಕೆಲವಕ್ಕೆ ರಿಫ್ಲೆಕ್ಟರ್ ಮೇಲೆ ಬೆರಳಲ್ಲಿ ಹೆಸರು ಬರೆಯೋಷ್ಟು ಧೂಳು, ಇಂಡಿಕೇಟರೂ ಇಲ್ಲ. ನಾನೇ ಎರಡು ಸಲ ಕೊನೇ ಗಳಿಗೆಯಲ್ಲಿ ಸ್ಟೇರಿಂಗ್ ತಿರುಗಿಸಿ ಉಳ್ಕೊಂಡಿದೀನಿ.

ಇಂಥ ಸುದ್ದಿ ಹಾಕುವಾಗ ಲಾರಿಗೆ ರಿಫ್ಲೆಕ್ಟರ್ ಇತ್ತಾ, ಅಡ್ಡಪಟ್ಟಿ ಇತ್ತಾ ಅಂತ ಒಂದು ಸಾಲು ಕೇಳಿ ಬರೀರಿ, ವಿದ್ಯಾರ್ಥಿಗಳ ಪುಟದಲ್ಲಿ ಈ ಲೆಕ್ಕಾನೂ ಒಮ್ಮೆ ಹಾಕಿ ಸಾರ್.

– ಹೈಸ್ಕೂಲ್ ವಿಜ್ಞಾನ ಶಿಕ್ಷಕ, ಚಿತ್ರದುರ್ಗ ಜಿಲ್ಲೆ