ಅರಿಶಿನದ ಡಬ್ಬಿಯ ಜೊತೆ ಒಂದು ಪತ್ರ

ಶಿರಸಿ

ಪ್ರೀತಿಯ ಪುಟ್ಟಿ,

ಅಪ್ಪನ ಕೈಲಿ ಅರ್ಧ ಕಿಲೋ ಅರಿಶಿನ ಪುಡಿ ಕಳಿಸಿದ್ದೇನೆ. ಅಡಿಕೆ ಮರಗಳ ನಡುವೆ ಬೆಳೆದದ್ದು. ಎಲೆ ಒಣಗಿದ ಮೇಲೆ ಅಗೆದು, ಬೇಯಿಸಿ, ಅಂಗಳದಲ್ಲಿ ಹದಿನೈದು ದಿನ ಒಣಗಿಸಿ ಪುಡಿ ಮಾಡಿಸಿದ್ದು. ಬಣ್ಣ ಮಾಸಲು ಅಂತ ಬದಿಗಿಡಬೇಡ. ಕೆಲವು ಕಡೆ ಹಳದಿ ಹೊಳೆಯಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಬಣ್ಣದ ರಾಸಾಯನಿಕ ಬೆರೆಸುತ್ತಾರೆ. ಅದರಲ್ಲಿ ಸೀಸ ಇದೆ. ಮಕ್ಕಳ ಮಿದುಳಿಗೇ ಪೆಟ್ಟು.

ಅರಿಶಿನದ ಮಾತ್ರೆ ತಗೊಳ್ಳಲಾ ಅಂತ ಫೋನಲ್ಲಿ ಕೇಳಿದ್ದೆ, ಅಲ್ವಾ? ಬೇಡ ಪುಟ್ಟಿ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಸತ್ವ ಕರ್ಕ್ಯುಮಿನ್, ಪುಡಿಯಲ್ಲಿ ಅದು ಇರುವುದು ನೂರಕ್ಕೆ ಮೂರರ ಆಸುಪಾಸು. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡು ಬೇಕು. ಕಾಳುಮೆಣಸು ಸೇರಿದರೆ ಮೈಗೆ ಜಾಸ್ತಿ ಹತ್ತುತ್ತದೆ. ನಮ್ಮ ತಂಬುಳಿಯಲ್ಲಿ ಎರಡೂ ಇದೆ ನೋಡು. ಬೆರಳಿನ ಒಂದು ಗೆಣ್ಣಿನಷ್ಟು ಹಸಿ ಅರಿಶಿನ ಹೆಚ್ಚಿಕೋ. ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿ. ಹಸಿ ವಾಸನೆ ಹೋಗಿ ಘಮ ಏಳಬೇಕು, ಕರಟಬಾರದು. ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ ಉಪ್ಪು ಹಾಕು. ಕುದಿಸಬೇಡ. ಬಿಸಿ ಅನ್ನಕ್ಕೆ ಕಲಸಿಕೊಂಡು ಉಣ್ಣು. ಇಷ್ಟು ಸಾಕು. ಮಾತ್ರೆಯಲ್ಲಿ ಆ ಕರ್ಕ್ಯುಮಿನ್ನನ್ನೇ ಗಟ್ಟಿ ಮಾಡಿ ತುಂಬಿರುತ್ತಾರೆ. ಅದರಿಂದ ಲಿವರ್ ಕೆಟ್ಟವರೂ ಇದ್ದಾರೆ. ಅಮ್ಮ ರಕ್ತ ತೆಳುವಾಗುವ ಔಷಧಿ ತಗೊಳ್ಳುತ್ತಾಳೆ. ಅವಳಿಗಂತೂ ಡಾಕ್ಟರನ್ನು ಕೇಳದೆ ಕೊಡಲೇಬೇಡ.

ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ನನಗೆ ಈಗಲೂ ಆ ಹೆಮ್ಮೆ ಇದೆ. ಆದರೆ ಅದೇ ನಂಬಿಕೆಯಲ್ಲಿ ನಾನು ಕಾಲು ಕಳಕೊಳ್ಳುವವಳಿದ್ದೆ. ತೋಟದಲ್ಲಿ ಕತ್ತಿ ತಾಗಿ ಪಾದ ಆಳವಾಗಿ ಸೀಳಿತ್ತು. ಅರಿಶಿನ ತುಂಬಿ ಬಟ್ಟೆ ಕಟ್ಟಿ ಮೂರು ದಿನ ಸುಮ್ನೆ ಕೂತೆ. ನಾಲ್ಕನೇ ದಿನ ಕೀವು, ಜ್ವರ. ಡಾಕ್ಟರು ಗಾಯ ಬಿಡಿಸಿ ತೊಳೆಯುವಾಗ ಮೊದಲು ಹೊರಬಂದದ್ದೇ ಆ ಪುಡಿಯ ಗಂಟು. ತರಚಿದ್ದಕ್ಕೆ ಹಚ್ಚು, ಪರವಾಗಿಲ್ಲ. ಆಳದ ಗಾಯವನ್ನು ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗು. ಟಿಟಿ ಇಂಜೆಕ್ಷನ್ ಹಾಕಿಸಿಕೋ.

ಡಬ್ಬಿಯ ಕೆಳಗೆ ಎರಡು ಹಸಿ ಕೊಂಬು ಇಟ್ಟಿದ್ದೇನೆ, ಮೊಳಕೆ ಕಣ್ಣು ಬಿಟ್ಟಿವೆ. ಅಗಲ ಕುಂಡದಲ್ಲಿ ಎರಡು ಇಂಚು ಆಳಕ್ಕೆ ನೆಡು. ನೀರು ನಿಲ್ಲದ ಹಾಗೆ ನೋಡಿಕೋ. ನಾಗರಪಂಚಮಿ ಹೊತ್ತಿಗೆ ಎಲೆ ಕಡುಬು ಮಡಿಸುವಷ್ಟು ಅಗಲವಾಗಿರುತ್ತದೆ. ಹೂರಣಕ್ಕೆ ಬೆಲ್ಲ ಎಷ್ಟು ಅಂತ ಹಿಂದಿನ ದಿನ ಫೋನು ಮಾಡು, ಹೇಳುತ್ತೇನೆ.

ನಿನ್ನ
ದೊಡ್ಡಮ್ಮ