ನೀರೇ ಕ್ಲಚ್ಚಾಗುವ ವಾಷಿಂಗ್ ಮೆಷಿನ್: ಹಾಸನದ ಗೆಳೆಯನಿಗೊಂದು ಪತ್ರ

ಮೂಡಿಗೆರೆ,
ಪುನರ್ವಸು ಮಳೆ

ಪ್ರಿಯ ಗೆಳೆಯಾ,

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಸಿಗ್ನಲ್ ಹೋಯಿತು. "ಟಾಪ್ ಲೋಡ್ ಅಂದ್ರೆ ಟಾಪ್ ಲೋಡೇ ತಾನೆ, ಅದರಲ್ಲೇನೋ ಅಂಥಾ ವಿಶೇಷ?" ಅಂದೆಯಲ್ಲ. ಇದೆ ಮಾರಾಯಾ, ಬೇಕಾದಷ್ಟಿದೆ. ಮೆಷಿನ್ನುಗಳ ಹುಚ್ಚಿರುವ ಇನ್ನು ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆಯೇ ಹಾಕುತ್ತಿದ್ದೇನೆ.

ಮೆಷಿನ್ನು ನ್ಯೂಜಿಲೆಂಡಿನ ಫಿಶರ್ ಅಂಡ್ ಪೈಕೆಲ್ ಕಂಪನಿಯ ಸ್ಮಾರ್ಟ್‌ಡ್ರೈವ್. ಆಕ್ಲೆಂಡಿನಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ತೋಟ ನೋಡಿಕೊಳ್ಳಲು ಸಂಸಾರ ಸಮೇತ ವಾಪಸ್ ಬಂದಾಗ ಸಾಮಾನಿನ ಜೊತೆ ಕಂಟೇನರಿನಲ್ಲಿ ಇದೂ ಬಂತು. ಅಲ್ಲಿಯೂ 230 ವೋಲ್ಟ್, 50 ಹರ್ಟ್ಜ್. ಹಾಗಾಗಿ ಟ್ರಾನ್ಸ್‌ಫಾರ್ಮರಿನ ತಾಪತ್ರಯವಿಲ್ಲ. ಪಿನ್ ಮಾತ್ರ ಬೇರೆ, ಓರೆಯಾದ ಚಪ್ಪಟೆ ಪಿನ್ನು. ಅದನ್ನು ಕತ್ತರಿಸಿ ನಮ್ಮ ಪ್ಲಗ್ ಟಾಪ್ ಹಾಕಿದೆವು. ಬಚ್ಚಲುಮನೆ ಪಕ್ಕದ ಹಿಂಜಗಲಿಯಲ್ಲಿ ಕೂತಿದೆ.

ಮಾಮೂಲಿ ಟಾಪ್ ಲೋಡಿನ ಹೊಟ್ಟೆಯೊಳಗೆ ಏನಿರುತ್ತದೆ ಅಂತ ನಿನಗೆ ಗೊತ್ತು. ಪಕ್ಕಕ್ಕೊಂದು ಮೋಟರ್, ಅಲ್ಲಿಂದ ಬೆಲ್ಟ್, ಬೆಲ್ಟಿನಿಂದ ಗೇರ್‌ಬಾಕ್ಸ್, ಅದರ ಜೊತೆಗೇ ಕ್ಲಚ್ಚು, ಬ್ರೇಕು. ಒಗೆಯುವಾಗ ಬಟ್ಟೆ ಕಲಕುವ ನಡುವಿನ ಭಾಗ ಮಾತ್ರ ತಿರುಗಬೇಕು, ಹಿಂಡುವಾಗ ಟಬ್ ಪೂರ್ತಿ ತಿರುಗಬೇಕು. ಇದರಿಂದ ಅದಕ್ಕೆ ಬದಲಾಯಿಸಲು ಡ್ರೈನ್ ಮೋಟರ್ ಒಂದು ಕೇಬಲ್ ಎಳೆದು ನೀರಿನ ವಾಲ್ವ್ ತೆರೆಯುತ್ತದೆ, ಜೊತೆಗೇ ಕ್ಲಚ್ಚಿನ ಲಿವರನ್ನೂ ಸರಿಸುತ್ತದೆ. ರಿಪೇರಿಗೆ ಬರುವ ಮೆಷಿನ್ನುಗಳಲ್ಲಿ ಎಷ್ಟೋ ಸಲ ಕೈಕೊಟ್ಟಿರುವುದು ಈ ಜಾಗವೇ.

ಸ್ಮಾರ್ಟ್‌ಡ್ರೈವಿನಲ್ಲಿ ಬೆಲ್ಟ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಎಳೆಯುವ ಕೇಬಲ್ಲೂ ಇಲ್ಲ. ಮೋಟರು ನೇರವಾಗಿ ಶಾಫ್ಟಿನ ಬುಡಕ್ಕೇ ಕೂತಿದೆ, ಶಾಫ್ಟಿನ ತುದಿಗೆ ಅಜಿಟೇಟರ್, ಅಂದರೆ ಆ ಬಟ್ಟೆ ಕಲಕುವ ಭಾಗ. ಹಾಗಾದರೆ ಕ್ಲಚ್ಚಿನ ಕೆಲಸ ಯಾರು ಮಾಡುತ್ತಾರೆ? ನೀರು! ಒಳಗಿನ ಬುಟ್ಟಿಯ ಅಡಿಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳುವ ಜಾಗವಿದೆ. ನೀರು ತುಂಬುತ್ತಿದ್ದ ಹಾಗೆ ಬಾವಿಗಿಳಿಸಿದ ಖಾಲಿ ಕೊಡದಂತೆ ಬುಟ್ಟಿ ಮೇಲಕ್ಕೇಳುತ್ತದೆ. ಎದ್ದ ತಕ್ಷಣ ಶಾಫ್ಟಿನ ಹಲ್ಲುಗಳಿಂದ ಬಿಡಿಸಿಕೊಳ್ಳುತ್ತದೆ, ಅಜಿಟೇಟರ್ ಒಂದೇ ಆಚೆ ಈಚೆ ಆಡುತ್ತದೆ. ಒಗೆದು ನೀರು ಹೊರಗೆ ಹೋದರೆ ಬುಟ್ಟಿ ತನ್ನ ಭಾರಕ್ಕೇ ಇಳಿದು ಹಲ್ಲಿಗೆ ಹಲ್ಲು ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಎಲ್ಲ ಒಟ್ಟಿಗೇ ಗಿರ್ರನೆ ತಿರುಗುತ್ತವೆ. ನೀರು ತುಂಬುವಾಗ ಮುಚ್ಚಳ ತೆಗೆದು ಬುಟ್ಟಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡು. ಅಲ್ಲಿಯವರೆಗೆ ಗಟ್ಟಿಯಾಗಿದ್ದದ್ದು ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಸಡಿಲವಾಗುತ್ತದೆ, ತಳ್ಳಿದರೆ ತೇಲಿಕೊಂಡು ಅತ್ತಿತ್ತ ಹೋಗುತ್ತದೆ. ಇಷ್ಟು ವರ್ಷ ಮೆಷಿನ್ನುಗಳನ್ನು ಬಿಚ್ಚಿ ನೋಡಿದ್ದೇನೆ, ಇಷ್ಟು ಚೆಂದದ ಉಪಾಯ ಕಂಡಿರಲಿಲ್ಲ. ಇದನ್ನು ಅವರು ಮಾರುಕಟ್ಟೆಗೆ ತಂದದ್ದು 1991ರಲ್ಲಿ ಅನ್ನುವುದನ್ನೂ ನೆನಪಿಟ್ಟುಕೋ.

ಟಾಪ್ ಲೋಡಿನಲ್ಲಿ ವಿಚಿತ್ರದ ಯಂತ್ರಗಳು ಬೇರೆಯೂ ಇವೆ. ಜನರಲ್ ಮೋಟರ್ಸ್‌ನವರ ಕೈಯಲ್ಲಿದ್ದ ಕಾಲದ ಫ್ರಿಜಿಡೇರ್ ಮೆಷಿನ್ನಿನಲ್ಲಿ ಅಜಿಟೇಟರ್ ತಿರುಗುತ್ತಲೇ ಇರಲಿಲ್ಲ, ಮೇಲೆ ಕೆಳಗೆ ಕುಟ್ಟುತ್ತಿತ್ತು. ಅದೂ ದೊಡ್ಡ ಕಲ್ಪನೆಯೇ. ಆದರೆ ಅದರಲ್ಲಿ ಹೊಸದೊಂದು ಚಲನೆಗಾಗಿ ಇನ್ನಷ್ಟು ಭಾಗಗಳು ಸೇರಿದವು, ಇದರಲ್ಲಿ ಇದ್ದ ಭಾಗಗಳೇ ಕಡಿಮೆಯಾದವು. ಪೇಟೆಯಿಂದ ಮೆಕ್ಯಾನಿಕ್ ಬರಬೇಕೆಂದರೆ ಜೀಪಿನ ದಾರಿ, ಮಳೆಗಾಲದಲ್ಲಿ ಅದೂ ಇಲ್ಲ ಅನ್ನುವ ತೋಟದ ಮನೆಗೆ ಯಾವುದು ಹೇಳಿಸಿದ್ದು ಅಂತ ನೀನೇ ಹೇಳು.

ಸರಿ, ಒಗೆಯುವುದು ಹೇಗೆ? ಅದನ್ನು ನನಗಿಂತ ಅತ್ತಿಗೆಯನ್ನು ಕೇಳಬೇಕು. ಕೆಂಪು ಮಣ್ಣು ಮೆತ್ತಿದ ಪ್ಯಾಂಟು, ಇಂಬಳ ಕಚ್ಚಿ ರಕ್ತ ಇಳಿದ ಕಾಲುಚೀಲ, ಇವೆಲ್ಲ ತಣ್ಣೀರಿನಲ್ಲೇ ಚೆನ್ನಾಗಿ ಬಿಡುತ್ತವೆ ಅನ್ನುತ್ತಾರೆ. ರಕ್ತದ ಕಲೆಗೆ ತಣ್ಣೀರೇ ಸರಿ, ಬಿಸಿನೀರು ತಾಗಿದರೆ ಬಟ್ಟೆಗೇ ಕಚ್ಚಿಕೊಳ್ಳುತ್ತದೆ. ಅಡಿಕೆ ಚೊಗರು ಮಾತ್ರ ಇದಕ್ಕೂ ಬಗ್ಗಿಲ್ಲ, ಅದು ಯಾವ ಮೆಷಿನ್ನಿಗೂ ಬಗ್ಗುವುದಿಲ್ಲ ಬಿಡು. ಗೇರ್‌ಬಾಕ್ಸಿನ ಅಜಿಟೇಟರ್ ಎಷ್ಟು ದೂರ ತಿರುಗಿ ವಾಪಸ್ ಬರಬೇಕು ಅನ್ನುವುದು ಹಲ್ಲುಗಳಲ್ಲೇ ನಿಗದಿಯಾಗಿಹೋಗಿರುತ್ತದೆ. ಇಲ್ಲಿ ಅದನ್ನು ತೀರ್ಮಾನಿಸುವುದು ಎಲೆಕ್ಟ್ರಾನಿಕ್ಸು. ಅಮ್ಮನ ಹಳೇ ರೇಷ್ಮೆಯಂಚಿನ ಸೀರೆಗೆ ಮೆಲ್ಲಗೆ, ಸಣ್ಣದಾಗಿ ಆಡುತ್ತದೆ. ಕೆಲಸದ ಬಟ್ಟೆಗೆ ಬಿಡಿಸಿ ಬಿಡಿಸಿ ತಿಕ್ಕುತ್ತದೆ.

ಆದರೆ ನನ್ನನ್ನು ಕೇಳಿದರೆ ಇದರ ನಿಜವಾದ ಬಲ ಹಿಂಡುವುದರಲ್ಲಿದೆ. ಆರಿದ್ರಾ ಹಿಡಿದರೆ ಪುಷ್ಯ ಮುಗಿಯುವವರೆಗೆ ಇಲ್ಲಿ ಬಿಸಿಲಿನ ಮುಖ ಕಾಣುವುದಿಲ್ಲ. ಬಟ್ಟೆಯೆಲ್ಲ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ, ಒಣಗುವಷ್ಟರಲ್ಲಿ ಹೊಗೆ ವಾಸನೆ, ಇಲ್ಲವೇ ಮುಗ್ಗಲು ವಾಸನೆ. ಇಲ್ಲಿ ಸಿಗುವ ಟಾಪ್ ಲೋಡುಗಳು ನಿಮಿಷಕ್ಕೆ 700 ಸುತ್ತಿನ ಆಸುಪಾಸಿನಲ್ಲಿ ಹಿಂಡುತ್ತವೆ, ಇದು 1000. ಹಿಂಡುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ನಾವಿಬ್ಬರೂ ಹಾಸನದ ಕಾಲೇಜಿನಲ್ಲಿ ಓದಿದ್ದೇ ಅಲ್ಲವಾ? ಬುಟ್ಟಿಯ ಅಗಲ ಒಂದೇ ಅಂತಿಟ್ಟುಕೊಂಡರೆ ಬಲ ಎರಡರಷ್ಟು. ಮಳೆಗಾಲದ ಮಲೆನಾಡಿನ ಹೆಂಗಸರನ್ನು ಕೇಳು, ಬಟ್ಟೆಯಲ್ಲಿ ಉಳಿಯುವ ಒಂದೊಂದು ಲೋಟ ನೀರಿನ ಬೆಲೆ ಅವರಿಗೆ ಗೊತ್ತು.

ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ನಮ್ಮ ಗೆಳೆಯನೂ ಬಂದಿದ್ದ. ಜಗಲಿಯಲ್ಲಿ ಕಾಫಿ ಆರುವವರೆಗೂ ವಾದ. ಅವನದು ಗೇರ್‌ಬಾಕ್ಸಿನ ಪಕ್ಷ. "ಕಬ್ಬಿಣ ಸವೆದರೆ ಕಾಣುತ್ತದೆ, ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಏನು ಕಾಣುತ್ತದೆ?" ಅಂದ. ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಗುಡುಗು ಶುರುವಾದರೆ ಪ್ಲಗ್ ಕೀಳಲೇಬೇಕು, ನಮ್ಮ ಕಡೆಯ ಸಿಡಿಲಿಗೆ ಯಾವ ಬೋರ್ಡೂ ನಿಲ್ಲದು. ಕೆಳಗಿನ ಸೀಲ್ ಸೋರಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಕಂಬಳಿಯನ್ನು ತುರುಕಿದರೆ ಭಾರಕ್ಕೆ ಬುಟ್ಟಿ ತೇಲುವುದೇ ಇಲ್ಲ. ನೀರೂ ಫ್ರಂಟ್ ಲೋಡಿಗಿಂತ ಜಾಸ್ತಿ ಕುಡಿಯುತ್ತದೆ. ಏಪ್ರಿಲ್‌ನಲ್ಲಿ ಒರತೆ ಸೊರಗಿದಾಗ ಅತ್ತಿಗೆ ಜಾಲಿಸಿದ ನೀರನ್ನು ಪೈಪ್ ಎಳೆದು ಬಾಳೆಬುಡಕ್ಕೆ ಬಿಡುತ್ತಾರೆ. ಇಷ್ಟೆಲ್ಲ ಹೇಳಿಯೂ ನನ್ನ ಮನಸ್ಸು ಬದಲಾಗಿಲ್ಲ.

ಯಾಕೆಂದರೆ ಆ ಮೋಟರ್. ಅಣ್ಣ ಬರುವಾಗ ಗುಜರಿಗೆ ಹೋಗಲಿದ್ದ ಇನ್ನೊಂದು ಸ್ಮಾರ್ಟ್‌ಡ್ರೈವಿನ ಮೋಟರನ್ನೂ ಬಿಚ್ಚಿಕೊಂಡು ಬಂದಿದ್ದಾನೆ. ಹೊರಗಿನ ರೋಟರ್ ಬೋಗುಣಿಯಷ್ಟು ಅಗಲ, ಒಳಗಿನ ಅಂಚಿಗೆ ಸುತ್ತಲೂ ಕಾಯಂ ಅಯಸ್ಕಾಂತ. ಸ್ಕ್ರೂಡ್ರೈವರ್ ಹತ್ತಿರ ಹಿಡಿದರೆ ಕೈಯಿಂದ ಕಿತ್ತುಕೊಳ್ಳುತ್ತದೆ. ನಡುವೆ 42 ಹಲ್ಲು, ಹಲ್ಲಿಗೊಂದು ತಂತಿಯ ಸುರುಳಿ, ಫೇಸಿಗೆ 14ರಂತೆ ಮೂರು ಫೇಸು. ಕೈಯಲ್ಲಿ ತಿರುಗಿಸಿದರೆ ಕಟಕಟನೆ ಹಲ್ಲಿನಿಂದ ಹಲ್ಲಿಗೆ ಜಿಗಿಯುತ್ತದೆ. ಹೊರಗಿನಿಂದ ತಿರುಗಿಸಿದೆಯೋ, ಇದೇ ಜನರೇಟರ್! ನ್ಯೂಜಿಲೆಂಡಿನಲ್ಲಿ ಹಳೇ ಸ್ಮಾರ್ಟ್‌ಡ್ರೈವ್ ಮೋಟರುಗಳಿಗೆ ಪೆಲ್ಟನ್ ಚಕ್ರ (ರಭಸದ ನೀರು ಬಡಿದು ತಿರುಗುವ ಬಟ್ಟಲುಗಳ ಚಕ್ರ) ಜೋಡಿಸಿ ತೊರೆ ನೀರಿನಲ್ಲಿ ಕರೆಂಟ್ ತೆಗೆಯುತ್ತಾರೆ, ರೆಕ್ಕೆ ಕಟ್ಟಿ ಗಾಳಿಗೂ ಇಡುತ್ತಾರೆ. ಸುರುಳಿಗಳನ್ನು ಸೀರೀಸ್, ಪ್ಯಾರಲಲ್ ಬದಲಾಯಿಸಿ ಬೇಕಾದ ವೋಲ್ಟೇಜಿಗೆ ತಂದುಕೊಳ್ಳಬಹುದು.

ಮನೆ ಹಿಂದಿನ ಹಳ್ಳ ನಿನಗೆ ನೆನಪಿದೆಯಲ್ಲ. ಸೆಕೆಂಡಿಗೆ 3 ಲೀಟರ್ ನೀರು, 30 ಮೀಟರ್ ಇಳಿತ ಸಿಕ್ಕರೆ ಲೆಕ್ಕದಲ್ಲಿ 880 ವಾಟ್. ಪೈಪು, ಚಕ್ರ, ಮೋಟರು ಎಲ್ಲ ಸೇರಿ ಅರ್ಧ ತಿಂದರೂ 440 ವಾಟ್ ಉಳಿಯುತ್ತದೆ. ಹಗಲು ರಾತ್ರಿ ತಿರುಗಿದರೆ ದಿನಕ್ಕೆ ಹತ್ತು ಯೂನಿಟ್ಟಿನ ಮೇಲೆ. ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದೂ ಹಳ್ಳ ತುಂಬುವುದೂ ಒಂದೇ ಕಾಲದಲ್ಲಿ. ಮಲೆನಾಡಿನಲ್ಲಿ ಸಣ್ಣ ಟರ್ಬೈನ್ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ, ನಾವೇನೂ ಮೊದಲಿಗರಲ್ಲ. ಆದರೆ ಬಟ್ಟೆ ಒಗೆದು ಮುಗಿಸಿದ ಮೋಟರಿನಿಂದ ದೀಪ ಹಚ್ಚುವುದು ನನಗೆ ಬಹಳ ದಿನದ ಆಸೆ.

ಇಳಿತ ನಿಜವಾಗಿ ಎಷ್ಟಿದೆ ಅಂತ ಅಳೆಯಬೇಕು. ಪೈಪಿನ ಕೆಳತುದಿಗೆ ಪ್ರೆಷರ್ ಗೇಜ್ ಹಾಕಿದರೆ ಸಾಕು, 10 ಮೀಟರಿಗೆ ಹೆಚ್ಚುಕಡಿಮೆ ಒಂದು ಬಾರ್. ಗೇಜೂ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರೂ ನಿನ್ನ ಹತ್ತಿರ ಇವೆ, ಎರಡನ್ನೂ ತಾ. ಬೇಲೂರಿನ ಮೇಲೇ ಬಾ, ಆ ಕಡೆಯ ರಸ್ತೆ ಪರವಾಗಿಲ್ಲವಂತೆ. ಶನಿವಾರ ಬಂದರೆ ಅತ್ತಿಗೆ ವಾರದ ಬಟ್ಟೆ ಹಾಕುವ ದಿನ, ಬುಟ್ಟಿ ತೇಲುವುದನ್ನು ನಿನ್ನ ಕೈಯಲ್ಲೇ ಮುಟ್ಟಿ ನೋಡಬಹುದು.

ಇಂತಿ ನಿನ್ನ ಗೆಳೆಯ