ಪೌರತ್ವ ಪ್ರಮಾಣವಚನಕ್ಕೆ ಹೋಗುವವರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ. ಬರುವ ಶುಕ್ರವಾರ ಬೆಳಿಗ್ಗೆ ಅಮೆರಿಕದ ಪೌರತ್ವದ ಪ್ರಮಾಣವಚನ ಸ್ವೀಕರಿಸಲಿರುವ ನಮ್ಮ ಸದಸ್ಯರು ಎನ್-445 ಸೂಚನಾಪತ್ರದಲ್ಲಿರುವ (ಪ್ರಮಾಣವಚನ ಸಮಾರಂಭಕ್ಕೆ ಕರೆಯುವ ಪತ್ರ) ಪ್ರಶ್ನೆಗಳಿಗೆ ಅಂದೇ ಉತ್ತರ ತುಂಬಿ, ಗ್ರೀನ್ ಕಾರ್ಡಿನೊಂದಿಗೆ ತರಬೇಕು. ಕಾರ್ಡನ್ನು ಅಲ್ಲಿ ಹಿಂದಿರುಗಿಸಬೇಕಾಗುತ್ತದೆ. ಪ್ರಮಾಣಪತ್ರ ಕೈಗೆ ಬಂದಾಗ, ಫೋಟೋ ತೆಗೆಸಿಕೊಳ್ಳುವ ಸಂಭ್ರಮಕ್ಕೆ ಮೊದಲು ಹೆಸರು, ಜನ್ಮದಿನಾಂಕಗಳನ್ನು ಅಕ್ಷರ ಬಿಡದೆ ಓದಿ ನೋಡಿ. ಊರು, ತಂದೆಯ ಹೆಸರು ಸೇರಿ ಉದ್ದವಾಗುವ ನಮ್ಮ ಹೆಸರುಗಳಲ್ಲಿ ತಪ್ಪು ನುಸುಳುವುದು ಸುಲಭ, ಹೊರಡುವ ಮುನ್ನವೇ ಅಲ್ಲಿನ ಅಧಿಕಾರಿಗಳಿಗೆ ತಿಳಿಸುವುದು ಕ್ಷೇಮ. ಭಾರತದ 1955ರ ಪೌರತ್ವ ಕಾಯ್ದೆಯಂತೆ ಅಂದಿಗೇ ಭಾರತದ ಪೌರತ್ವ ಕೊನೆಗೊಳ್ಳುವುದರಿಂದ ಹಳೆಯ ಪಾಸ್‌ಪೋರ್ಟಿನಲ್ಲಿ ಊರಿಗೆ ಪ್ರಯಾಣಿಸುವಂತಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದು, ಹಳೆಯದನ್ನು ಒಪ್ಪಿಸಿ, ಒಸಿಐಗೆ (ಭಾರತದ ಸಾಗರೋತ್ತರ ನಾಗರಿಕ ಕಾರ್ಡಿಗೆ) ಅರ್ಜಿ ಹಾಕಬೇಕು. ಕಾರಿನಲ್ಲಿ ಜಾಗ ಬೇಕಾದವರು ಜೊತೆಗೆ ಬರುವ ಮನೆಯವರ ಸಂಖ್ಯೆಯನ್ನು ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಬೇಕೆಂದು ವಿನಂತಿ.